ಗ್ರಾಫಿನಲ್ಲೊಂದು ಗೂನು

ಚಾಮರಾಜಪೇಟೆಯ ನಮ್ಮ ತರಕಾರಿ ಅಂಗಡಿಗೆ ಬಂದವರು ನನ್ನ ಬಗ್ಗೆ ವಿಚಾರಿಸಿದಾಗಲೆಲ್ಲ ಅಪ್ಪ ಹೇಳುತ್ತಿದ್ದ ಮಾತು ಒಂದೇ: "ನಮ್ ಹುಡುಗಿ ರೈಲಿನ ಮೇಲೆ ಡಾಕ್ಟರ್ ಮಾಡ್ತಿದಾಳೆ." ಇದನ್ನು ಕೇಳಿ ಕೆಲವರು ನನಗೆ ರೈಲ್ವೆ ಆಸ್ಪತ್ರೆಯಲ್ಲಿ ಕೆಲಸ ಎಂದುಕೊಂಡರು. ಉಳಿದವರು, ಹಬ್ಬಕ್ಕೆ ಊರಿಗೆ ಹೋಗಬೇಕು, ಟಿಕೆಟ್ ಕನ್ಫರ್ಮ್ ಮಾಡಿಸಿಕೊಡಮ್ಮಾ ಎಂದು ಗಂಟುಬಿದ್ದರು.

"ಹಂಗಲ್ಲ ಆಂಟಿ, ನಾನು ಓದ್ತಿರೋದು ರೈಲಿನ ಕೆಳಗಡೆ ಇರೋ ಮಣ್ಣಿನ ಬಗ್ಗೆ" ಎಂದು ನಾನು ಬಿಡಿಸಿ ಹೇಳಿದರೆ ಅವರ ಮುಖದಲ್ಲಿ ಕನಿಕರ ಮೂಡುತ್ತಿತ್ತು. ಬೀನ್ಸ್ ಮುರಿದು ನೋಡುತ್ತಿದ್ದ ಒಬ್ಬರಂತೂ "ಮಣ್ಣಲ್ಲಿ ಓದೋಕೆ ಏನಮ್ಮಾ ಇರತ್ತೆ?" ಎಂದು ಕೇಳಿಯೇಬಿಟ್ಟರು.

ಏನಿರುತ್ತದೆ ಎಂದು ಮೊದಮೊದಲು ನನಗೂ ಗೊತ್ತಿರಲಿಲ್ಲ. ಬಸವನಗುಡಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದೆ. ಪಿಎಚ್‌ಡಿ ಇಲ್ಲದಿದ್ದರೆ ಮುಂದಕ್ಕೆ ದಾರಿಯಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ ಅದಕ್ಕೆ ಹೆಸರು ನೋಂದಾಯಿಸಿದೆ. ನನ್ನ ಗೈಡ್ ಮಲ್ಲೇಶ್ವರದ ಹಳಬರು. ದಿನವೂ ಮೆಟ್ರೋದಲ್ಲಿ ಬಂದು ಹೋಗುತ್ತಿದ್ದರು. ಕಾಟನ್ ಸೀರೆ, ಕುತ್ತಿಗೆಗೆ ತೂಗುಹಾಕಿದ ಕನ್ನಡಕ, ಅಳೆದು ತೂಗಿದ ಮಾತು. ಅವರು ನಕ್ಕಿದ್ದನ್ನು ಕಂಡವರು ಡಿಪಾರ್ಟ್‌ಮೆಂಟಿನಲ್ಲಿ ಯಾರೂ ಇರಲಿಲ್ಲ.

ವಿಷಯ ಆರಿಸುವ ದಿನ ಮೇಡಂ ತಮ್ಮ ಕೈಚೀಲದಿಂದ ಪಾತ್ರೆ ತೊಳೆಯುವ ದಪ್ಪನೆಯ ಸ್ಪಂಜೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲೆ ಒಂದು ಪ್ಲಾಸ್ಟಿಕ್ ಸ್ಕೇಲು, ಸ್ಕೇಲಿನ ಮೇಲೆ ಒಂದು ಉಕ್ಕಿನ ಗುಂಡು. ಗುಂಡನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರು. ಅದು ಉರುಳಿಕೊಂಡು ಹೋದಂತೆ ಸ್ಕೇಲು ತುಸು ಬಾಗಿತು, ಸ್ಪಂಜು ತುಸು ಕುಸಿಯಿತು, ಮತ್ತೆ ಮೇಲೆದ್ದಿತು.

"ಇದು ಚಕ್ರ, ಇದು ಹಳಿ, ಇದು ನೆಲ" ಎಂದರು. "ಈ ಗುಂಡು ಹೋದ ಸುದ್ದಿ ಸ್ಪಂಜಲ್ಲಿ ಎಲ್ಲೀವರೆಗೆ ಮುಟ್ಟತ್ತೆ? ಇಷ್ಟನ್ನ ಹೇಳ್ಬಿಡು, ನಿನ್ ಪಿಎಚ್‌ಡಿ ಆಯ್ತು."

ನಾನು ಆ ಗುಂಡನ್ನು ಎಷ್ಟು ಸಲ ಉರುಳಿಸಿದೆನೋ ಲೆಕ್ಕವಿಲ್ಲ. ಮೇಡಂ ಕ್ಲಾಸಿಗೆ ಹೋಗಿ ವಾಪಸ್ಸು ಬಂದಾಗಲೂ ಬಗ್ಗಿ ಸ್ಪಂಜಿನ ಅಂಚನ್ನೇ ನೋಡುತ್ತಾ ಕೂತಿದ್ದೆ. ಬೇರೆ ವಿಷಯ ಹುಡುಕುವ ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಕೆಲವು ವರ್ಷ ನನ್ನ ಬದುಕೆಲ್ಲ ಕಂಪ್ಯೂಟರಿನೊಳಗೆ ಒಂದು ರೈಲು ದಾರಿ ಕಟ್ಟುವುದರಲ್ಲೇ ಕಳೆಯಿತು. ನೋಡುವವರಿಗೆ ಅದು ಬರೀ ಸಣ್ಣ ಸಣ್ಣ ಚೌಕಗಳ ಬಲೆ. ನನಗೆ ಮಾತ್ರ ಅಲ್ಲಿ ಚಕ್ರವಿತ್ತು, ಹಳಿಯಿತ್ತು, ಹಳಿಯಡಿ ಅಡ್ಡಲಾಗಿ ಹಾಸುವ ಕಾಂಕ್ರೀಟಿನ ಸ್ಲೀಪರ್ ಇತ್ತು, ಅದರಡಿ ಜಲ್ಲಿಕಲ್ಲು, ಜಲ್ಲಿಯಡಿ ಮಣ್ಣಿನ ಏರಿ, ಏರಿಯಡಿ ನೆಲ ಎಲ್ಲವೂ ಇತ್ತು. ಚಕ್ರ ಒತ್ತಿದರೆ ಹಳಿ ಕೂದಲೆಳೆಯಷ್ಟು ಬಾಗುತ್ತದೆ. ಸ್ಲೀಪರ್ ಆ ಭಾರವನ್ನು ಜಲ್ಲಿಗೆ ದಾಟಿಸುತ್ತದೆ, ಜಲ್ಲಿ ಮಣ್ಣಿಗೆ. ಮಣ್ಣು ಅದನ್ನು ನುಂಗಿಕೊಂಡು ಸುಮ್ಮನಿರುವುದಿಲ್ಲ, ಮರಳಿ ಹಳಿಯನ್ನು ತಳ್ಳುತ್ತದೆ. ಹಳಿ ಚಕ್ರವನ್ನು ತಳ್ಳುತ್ತದೆ. ರೈಲು ನೆಲವನ್ನು ಅಲುಗಿಸುವ ಹೊತ್ತಿಗೇ ನೆಲವೂ ರೈಲನ್ನು ಅಲುಗಿಸುತ್ತಿರುತ್ತದೆ. ಈ ಕೊಡುಕೊಳ್ಳುವಿಕೆಯನ್ನೇ ಸಮೀಕರಣಗಳಲ್ಲಿ ಹಿಡಿಯಬೇಕಿತ್ತು.

ನೆಲ ಎಂದರೆ ಯಾವುದೋ ಒಂದು ನೆಲವಾದರೆ ಆಗುವುದಿಲ್ಲ, ನಿಜವಾದ ಜಾಗದ್ದೇ ಬೇಕು. ಬಿನ್ನಿಪೇಟೆಯಲ್ಲಿ ರೈಲು ಹಳಿಯ ಪಕ್ಕ ಒಂದು ಕಟ್ಟಡಕ್ಕಾಗಿ ಹಿಂದೆ ಮಣ್ಣು ಪರೀಕ್ಷೆ ಮಾಡಿದ್ದ ವಿವರ ನಮ್ಮ ಕಾಲೇಜಿನಲ್ಲಿ ಸಿಕ್ಕಿತು. ಮೇಲೆ ತುಂಬಿದ ಮಣ್ಣು, ಅದರಡಿ ಹಳೇ ಕೆರೆಯ ಹೂಳಿನಂಥ ಮೆತ್ತನೆಯ ಪದರ, ಇನ್ನೂ ಕೆಳಗೆ ಗಟ್ಟಿ ಬಂಡೆ. ಅದೃಷ್ಟಕ್ಕೆ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಇರುವುದೂ ಅಲ್ಲೇ ಹತ್ತಿರದ ಒಂದು ಓಣಿಯಲ್ಲಿ. ಹುಟ್ಟಿದಾಗಿನಿಂದ ಓಡಾಡಿದ ನೆಲದ ಒಳಭಾಗವನ್ನು ಸ್ಕ್ರೀನಿನ ಮೇಲೆ ನೋಡುವುದೇ ಒಂದು ಮಜ.

ಮೊದಲ ಸಲ ಮಾಡೆಲ್ ಸರಿಯಾಗಿ ಓಡಿದ ದಿನ ನನ್ನ ಕಂಪ್ಯೂಟರಿನ ರೈಲು ಬಿನ್ನಿಪೇಟೆಯ ಮೇಲೆ ಹಾದುಹೋಯಿತು. ನೆಲದಲ್ಲಿ ಎದ್ದ ಅಲೆಗಳು ಕೆಂಪು, ಹಳದಿ, ನೀಲಿಯಾಗಿ ಎರಡೂ ಪಕ್ಕಕ್ಕೆ ಹರಡಿಕೊಂಡವು. ನಾನು ಕುರ್ಚಿಯಿಂದ ಎದ್ದು ನಿಂತು ಅದನ್ನೇ ಮತ್ತೆ ಮತ್ತೆ ಓಡಿಸಿ ನೋಡಿದೆ. ಆಮೇಲೆ ಹಳಿಯಿಂದ ದೂರ ಹೋದಂತೆ ಅಲುಗಾಟ ಎಷ್ಟು ಕಡಿಮೆಯಾಗುತ್ತದೆ ಎಂದು ಗ್ರಾಫ್ ಹಾಕಿದೆ. ಗೆರೆ ಇಳಿಜಾರಿನಂತೆ ನುಣ್ಣಗೆ ಇಳಿಯಬೇಕಿತ್ತು. ಇಳಿಯಿತು ಕೂಡ. ಆದರೆ ಅರ್ಧ ದಾರಿಯಲ್ಲಿ ಏನನ್ನೋ ಎಡವಿದಂತೆ ಮೇಲೆದ್ದು, ಬೆನ್ನ ಮೇಲೆ ಒಂದು ಗೂನು ಮಾಡಿಕೊಂಡು, ಆಮೇಲೆ ಮತ್ತೆ ಇಳಿದುಹೋಗಿತ್ತು.

ಅಂದರೆ ಹಳಿಯ ಹತ್ತಿರದ ಒಂದು ಜಾಗಕ್ಕಿಂತ ಅದರಾಚೆಯ ಜಾಗ ಹೆಚ್ಚು ನಡುಗುತ್ತದೆ. ಇದು ಹೇಗೆ ಸಾಧ್ಯ?

ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು. "ತಪ್ಪಿದೆ" ಎಂದರು. "ನಿನ್ ನೆಲದ ಅಂಚು ನೋಡ್ಕೋ. ಅಲೆ ಅಲ್ಲಿಗ್ ಹೋಗಿ ಬಡಿದು ವಾಪಸ್ ಬರ್ತಿದೆ."

ಅವರ ಅನುಮಾನ ಸರಿಯಾದದ್ದೇ. ನಿಜವಾದ ಭೂಮಿ ಹೋಗುತ್ತಲೇ ಇರುತ್ತದೆ. ಕಂಪ್ಯೂಟರಿನ ಭೂಮಿ ಎಲ್ಲೋ ಒಂದು ಕಡೆ ಮುಗಿಯಲೇಬೇಕು. ಆ ಅಂಚಿನಲ್ಲಿ ಅಲೆಯನ್ನು ಹೀರಿಕೊಳ್ಳುವ ಏರ್ಪಾಡು ಸರಿಯಿಲ್ಲದಿದ್ದರೆ, ಬಕೆಟ್ಟಿನ ನೀರಿನಲ್ಲಿ ಎದ್ದ ಅಲೆ ಗೋಡೆಗೆ ಬಡಿದು ಹಿಂದಕ್ಕೆ ಬರುವ ಹಾಗೆ, ಅಲ್ಲೂ ಬರುತ್ತದೆ. ಇಲ್ಲದ ಅಲುಗಾಟವನ್ನು ಇದೆ ಎಂದು ತೋರಿಸುತ್ತದೆ.

ನಾನು ಅಂಚನ್ನು ದೂರ ಸರಿಸಿದೆ. ಗೂನು ಹುಸಿಯಾಗಿದ್ದರೆ ಅಂಚಿನ ಜೊತೆಗೆ ಅದೂ ಸರಿಯಬೇಕಿತ್ತು. ಸರಿಯಲಿಲ್ಲ. ಇನ್ನೂ ದೂರ ಸರಿಸಿದೆ. ನೆಲ ದೊಡ್ಡದಾದಷ್ಟೂ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಬೆಳಿಗ್ಗೆ ಓಡಲು ಬಿಟ್ಟು, ಕ್ಲಾಸು ಮುಗಿಸಿ, ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ, ಕಾಫಿ ಕುಡಿದು ಬಂದರೂ ಉತ್ತರ ಬಂದಿರುತ್ತಿರಲಿಲ್ಲ. ಅಪ್ಪ ಫೋನು ಮಾಡಿ "ಊಟಕ್ಕೆ ಬರ್ತೀಯೇನಮ್ಮಾ?" ಎಂದರೆ "ರೈಲು ಇನ್ನೂ ಬಂದಿಲ್ಲಪ್ಪಾ" ಎನ್ನುತ್ತಿದ್ದೆ. ಕೊನೆಗೆ ನನ್ನ ನೆಲ ಬಿನ್ನಿಪೇಟೆಯಿಂದ ಅಕ್ಕಿಪೇಟೆ ಮುಟ್ಟುವಷ್ಟು ದೊಡ್ಡದಾಗಿದೆ ಎಂದು ಲ್ಯಾಬಿನವರು ತಮಾಷೆ ಮಾಡುವಂತಾಯಿತು. ಗೂನು ಮಾತ್ರ ಕೂತಲ್ಲೇ ಕೂತಿತ್ತು.

ಆಗ ನನಗೆ ಇನ್ನೊಂದು ಯೋಚನೆ ಬಂತು. ಪಕ್ಕದ ಅಂಚನ್ನು ಬಿಟ್ಟು ಕೆಳಗಿನ ಬಂಡೆಯನ್ನು ಸರಿಸಿದರೆ? ಬಂಡೆಯನ್ನು ಇನ್ನಷ್ಟು ಆಳಕ್ಕೆ ಇಳಿಸಿ ಓಡಿಸಿದೆ. ಮಧ್ಯಾಹ್ನ ಗ್ರಾಫ್ ಬಂತು. ಗೂನು ಹಳಿಯಿಂದ ದೂರ ಸರಿದಿತ್ತು. ಬಂಡೆಯನ್ನು ಮೇಲಕ್ಕೆ ತಂದೆ. ಗೂನು ಹಳಿಯ ಹತ್ತಿರ ಬಂತು!

ಅಲೆ ಬಡಿದು ಬರುತ್ತಿದ್ದದ್ದು ಪಕ್ಕದ ಅಂಚಿನಿಂದ ಅಲ್ಲ, ಕೆಳಗಿನ ಬಂಡೆಯಿಂದ. ರೈಲಿನಿಂದ ಹೊರಟ ಅಲುಗಾಟದಲ್ಲಿ ಒಂದು ಪಾಲು ನೆಲದ ಮೇಲ್ಮೈಯಲ್ಲಿ ನೇರವಾಗಿ ಬರುತ್ತದೆ. ಇನ್ನೊಂದು ಪಾಲು ಮೆತ್ತನೆಯ ಹೂಳಿನಲ್ಲಿ ಇಳಿದು, ಬಂಡೆಗೆ ತಾಗಿ, ಪುಟಿದು ಮೇಲೆ ಬರುತ್ತದೆ. ಎರಡೂ ಸೇರುವ ಜಾಗದಲ್ಲಿ ನೆಲ ಜಾಸ್ತಿ ಕುಣಿಯುತ್ತದೆ. ಹಾಗೆ ತೋರಿಸು ಎಂದು ನಾನು ಕಂಪ್ಯೂಟರಿಗೆ ಹೇಳಿರಲಿಲ್ಲ. ಚಕ್ರದ ಭಾರ ಇಷ್ಟು, ಮಣ್ಣಿನ ಗಟ್ಟಿತನ ಇಷ್ಟು ಎಂದಷ್ಟೇ ಹೇಳಿದ್ದೆ. ಉಳಿದದ್ದನ್ನು ಅದೇ ಕಂಡುಕೊಂಡಿತ್ತು.

ಮೇಡಂ ಆಗಲೇ ಮನೆಗೆ ಹೊರಟಿದ್ದರು. ಫೋನು ಮಾಡಿದೆ. ಮೆಟ್ರೋದ ಸದ್ದಿನ ನಡುವೆ ನಾನು ಕಿರುಚಿಕೊಂಡು ಎಲ್ಲ ಹೇಳಿದೆ.

"ಮೇಡಂ, ಕೇಳಿಸ್ತಿದೆಯಾ?"

"ಕೇಳಿಸ್ತು. ಕಂಪ್ಯೂಟರ್ ಹೇಳಿದ್ರೆ ಸಾಲದಮ್ಮಾ. ನೆಲ ಹೇಳ್ಬೇಕು. ಅಳೆಯೋಣ."

ದೊಡ್ಡಮ್ಮನ ಓಣಿ ಅಳೆಯುವುದಕ್ಕೆಂದೇ ಮಾಡಿಟ್ಟಂತಿತ್ತು. ರೈಲಿನ ಏರಿಯ ಬುಡದಲ್ಲಿ ಶುರುವಾಗಿ, ಎರಡೂ ಕಡೆ ಮನೆ ಕಟ್ಟಿಕೊಂಡು, ನೇರವಾಗಿ ಮುಖ್ಯರಸ್ತೆಗೆ ಬಂದು ಸೇರುತ್ತದೆ. ಮೇಡಂ ರೈಲ್ವೆಯ ಎಂಜಿನಿಯರ್ ಒಬ್ಬರೊಂದಿಗೆ ಮಾತಾಡಿ ಅನುಮತಿ ಪಡೆದರು. ಒಂದು ಭಾನುವಾರ ಬೆಳಿಗ್ಗೆ ನಾನು, ಮೇಡಂ ಮತ್ತು ಲ್ಯಾಬಿನ ಸಹಾಯಕರು ಓಣಿಯುದ್ದಕ್ಕೂ ನೆಲದ ಅಲುಗಾಟ ಅಳೆಯುವ ಸೆನ್ಸರುಗಳನ್ನು ಸಾಲಾಗಿ ಇಟ್ಟು, ವಯರು ಎಳೆದು, ದೊಡ್ಡಮ್ಮನ ಮನೆಯ ವರಾಂಡದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು.

ಮೊದಲು ನೆಲವನ್ನೇ ಪರೀಕ್ಷಿಸಬೇಕಿತ್ತು. ಅದಕ್ಕೊಂದು ಸುಲಭದ ದಾರಿಯಿದೆ. ನೆಲದ ಮೇಲೆ ಉಕ್ಕಿನ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುವುದು. ಹೊಡೆತದ ಅಲೆ ಒಂದು ಸೆನ್ಸರಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ತಲುಪುತ್ತದೆ ಎಂದು ನೋಡಿದರೆ ಕೆಳಗೆ ಮೆತ್ತಗಿದೆಯೋ ಗಟ್ಟಿಯಿದೆಯೋ ತಿಳಿಯುತ್ತದೆ.

ಮೊದಲ ಏಟು ಬಿದ್ದದ್ದೇ ತಡ, ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

"ಬೋರ್ ಹಾಕಿಸ್ತಿದೀರಾ?"

"ಇಲ್ಲ ಕಣ್ರೀ, ಮೆಟ್ರೋ ಬರತ್ತಂತೆ. ಮನೆ ಎಲ್ಲಾ ಹೋಗತ್ತಂತೆ."

"ಯಾರಂದಿದ್ದು?"

"ನೋಡಿ, ಆಗ್ಲೇ ವಯರ್ ಎಳೆದಿದಾರಲ್ಲ!"

ದೊಡ್ಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. "ಮೆಟ್ರೋನೂ ಇಲ್ಲ, ಏನೂ ಇಲ್ಲ. ಇವಳು ನನ್ ತಂಗಿ ಮಗಳು. ಟ್ರೈನ್ ಹೋದ್ರೆ ನೆಲ ಎಷ್ಟ್ ಅಲ್ಲಾಡತ್ತೆ ಅಂತ ನೋಡೋಕ್ ಬಂದಿದಾಳೆ, ಅಷ್ಟೇ."

ಎದುರುಮನೆಯ ಯಜಮಾನರಿಗೆ ಸಮಾಧಾನವಾಗಲಿಲ್ಲ. ಬನಿಯನ್ನಿನಲ್ಲೇ ಬಂದು ಲ್ಯಾಪ್‌ಟಾಪಿಗೆ ಅಡ್ಡ ನಿಂತರು. "ನಿಲ್ಸಿ ಮೊದ್ಲು. ನೀವ್ ಹಿಂಗ್ ಬಡೀತಾ ಹೋದ್ರೆ ನಮ್ ಗೋಡೆ ಬಿರುಕು ಬಿಡಲ್ವಾ?"

ಇವರು ಬೇಡ ಎಂದರೆ ಇಡೀ ಓಣಿ ಬೇಡ ಎನ್ನುತ್ತದೆ. ಮೇಡಂ ಅನುಮತಿಯ ಮಾತು ತೆಗೆಯುವ ಮೊದಲೇ ನಾನು ಸ್ಕ್ರೀನನ್ನು ಅವರ ಕಡೆ ತಿರುಗಿಸಿದೆ. "ಸರ್, ಒಂದ್ಸಲ ಕಾಲು ಕುಟ್ಟಿ ನೋಡಿ."

"ಏನು?"

"ಸುಮ್ನೆ ಕುಟ್ಟಿ ಸರ್, ಅಲ್ಲೇ."

ಅವರು ಗುಮಾನಿಯಿಂದಲೇ ಒಮ್ಮೆ ಕಾಲು ಕುಟ್ಟಿದರು. ಸ್ಕ್ರೀನಿನ ಗೆರೆ ಚಂಗನೆ ನೆಗೆಯಿತು. ಇನ್ನೊಮ್ಮೆ ಕುಟ್ಟಿದರು. ಮತ್ತೆ ನೆಗೆಯಿತು.

"ಇದು ನಾನಾ?"

"ನೀವೇ ಸರ್. ಅಲ್ನೋಡಿ, ಆ ತುದೀಲಿರೋ ಸೆನ್ಸರಿಗೂ ಗೊತ್ತಾಯ್ತು. ನಮ್ ಸುತ್ತಿಗೆಯಿಂದ ನಿಮ್ ಗೋಡೆ ತನಕ ಹೋಗೋದು ಇಷ್ಟೇ ಅಲುಗಾಟ. ಬಾಗಿಲು ಜೋರಾಗಿ ಹಾಕಿದ್ರೂ ಇದಕ್ಕಿಂತ ಜಾಸ್ತಿ ಆಗತ್ತೆ."

ಅವರ ಮುಖ ಅರಳಿದ್ದನ್ನು ಈಗಲೂ ಕಣ್ಣಮುಂದೆ ತಂದುಕೊಳ್ಳಬಲ್ಲೆ. ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು "ನೀನ್ ಕುಟ್ಟು, ನೋಡೋಣ" ಎಂದರು. ಆಮೇಲೆ ಪಕ್ಕದ ಮನೆಯವರು, ಅದರ ಪಕ್ಕದವರು. ಯಾರ ಗೆರೆ ಎತ್ತರ ಎಂದು ಪಂದ್ಯವೇ ಶುರುವಾಯಿತು. ನಮ್ಮ ಅರ್ಧ ಬೆಳಗು ಓಣಿಯವರ ಕಾಲು ಅಳೆಯುವುದರಲ್ಲೇ ಹೋಯಿತು. ಆದರೆ ಅಂದಿನಿಂದ ನಮ್ಮ ವಯರನ್ನು ಯಾರೂ ತುಳಿಯಲಿಲ್ಲ.

ಸುತ್ತಿಗೆಯ ಕಷ್ಟ ಬೇರೆಯೇ ಇತ್ತು. ಪ್ರತಿ ಏಟೂ ಒಂದೇ ಥರ ಬೀಳಬೇಕು. ನನ್ನ ಒಂದು ಏಟು ತಟ್ಟೆಯ ನಡುವಿಗೆ ಬಿದ್ದರೆ ಇನ್ನೊಂದು ಅಂಚಿಗೆ. ಲ್ಯಾಬಿನ ಸಹಾಯಕರಿಗೆ ಬೆನ್ನುನೋವು. ಆ ಹೊತ್ತಿಗೆ ಅಂಗಡಿಯನ್ನು ಅಮ್ಮನಿಗೆ ಒಪ್ಪಿಸಿ, ನಮಗೆಲ್ಲ ತಿಂಡಿ ಹೊತ್ತುಕೊಂಡು ಅಪ್ಪ ಬಂದ. ಸ್ವಲ್ಪ ಹೊತ್ತು ನಿಂತು ನೋಡಿದವನೇ ಲುಂಗಿ ಎತ್ತಿ ಕಟ್ಟಿದ. "ಕೊಡಿಲ್ಲಿ."

ಚಿಕ್ಕಂದಿನಿಂದ ಮಾರ್ಕೆಟ್ಟಿನಲ್ಲಿ ಮೂಟೆ ಎತ್ತಿದ ತೋಳು. ಸುತ್ತಿಗೆ ತಲೆಯ ಮೇಲೇರಿ ಇಳಿದರೆ ತಟ್ಟೆ ಒಂದೇ ಸ್ವರದಲ್ಲಿ ಠಣ್ ಎನ್ನುತ್ತಿತ್ತು. ಸ್ಕ್ರೀನಿನ ಮೇಲೆ ಒಂದು ಏಟಿನ ಗೆರೆ ಇನ್ನೊಂದರ ಮೇಲೆ ಅಚ್ಚು ಹೊಡೆದಂತೆ ಕೂತಿತು. ಮೇಡಂ ಗ್ರಾಫ್ ನೋಡಿ, ಅಪ್ಪನನ್ನು ನೋಡಿ, "ಇವ್ರನ್ನ ಮುಂದಿನ ವಾರಾನೂ ಕರ್ಕೊಂಡ್ ಬಾ" ಎಂದರು. ಅಪ್ಪ ಬೆವರು ಒರೆಸಿಕೊಳ್ಳುತ್ತಾ ಬೀಗಿದ.

ಇನ್ನು ರೈಲು. ಹೊತ್ತೇರಿದಂತೆ ಓಣಿಯಲ್ಲಿ ಸ್ಕೂಟರುಗಳ ಓಡಾಟ ಜಾಸ್ತಿಯಾಯಿತು. ಮೊದಲ ಪ್ಯಾಸೆಂಜರ್ ರೈಲು ಹಾದುಹೋಗುವಾಗ ಸರಿಯಾಗಿ ಅದೇ ಗಳಿಗೆಗೆ ನೀರಿನ ಟ್ಯಾಂಕರ್ ಒಂದು ಒಳಗೆ ಬಂತು. ಅಳತೆಯೆಲ್ಲ ಕಲಸುಮೇಲೋಗರ. ನಾನು ತಲೆ ಮೇಲೆ ಕೈಯಿಟ್ಟು ಕೂತೆ. ದೊಡ್ಡಮ್ಮ "ಇಷ್ಟೇ ತಾನೇ?" ಎಂದು ಒಂದು ಪ್ಲಾಸ್ಟಿಕ್ ಕುರ್ಚಿ ತಗೊಂಡು ಹೋಗಿ ಓಣಿಯ ಬಾಯಿಗೆ ಅಡ್ಡ ಹಾಕಿ ಕೂತೇಬಿಟ್ಟಳು. ರೈಲಿನ ಶಿಳ್ಳೆ ಕೇಳಿದೊಡನೆ ಎದ್ದು ಕೈ ಅಡ್ಡ ಮಾಡುವಳು.

"ಏನಮ್ಮಾ, ಇಲ್ಲೆಲ್ಲಿ ಬಂತು ರೈಲ್ವೆ ಗೇಟು?" ಎಂದು ಆಟೋದವನೊಬ್ಬ ರೇಗಿದ.

"ಇವತ್ತಿಂದ ಬಂದಿದೆ. ಎಂಜಿನ್ ಆಫ್ ಮಾಡಪ್ಪಾ, ಒಂದ್ನಿಮಿಷ."

ಅವನು ನಗುತ್ತಾ ಎಂಜಿನ್ ಆಫ್ ಮಾಡಿದ. ಗೂಡ್ಸ್ ರೈಲೊಂದು ಬಂತು. ಉದ್ದಾನುದ್ದ, ಭಾರಕ್ಕೆ ನರಳುತ್ತಾ ಏರಿಯ ಮೇಲೆ ಸಾಗಿತು. ಇಡೀ ಓಣಿ ಉಸಿರು ಬಿಗಿಹಿಡಿದು ನಿಂತಿತ್ತು. ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಕೊನೆಯ ವ್ಯಾಗನ್ ದಾಟಿದ ಮೇಲೆ ನಾನು ಪ್ರತಿಯೊಂದು ಸೆನ್ಸರಿನ ಅಲುಗಾಟವನ್ನೂ ಗ್ರಾಫಿಗೆ ಏರಿಸತೊಡಗಿದೆ. ಹಳಿಯ ಹತ್ತಿರದ್ದು ಎಲ್ಲಕ್ಕಿಂತ ಮೇಲೆ. ಮುಂದಿನದು ಕೆಳಗೆ. ಅದರ ಮುಂದಿನದು ಇನ್ನೂ ಕೆಳಗೆ. ಆಮೇಲಿನದು... ಮೇಲೆ!

"ಮೇಡಂ!" ಎಂದು ನಾನು ಕೂಗಿದ ಕೂಗಿಗೆ ಒಳಗೆ ಅನ್ನ ಬಸಿಯುತ್ತಿದ್ದವರು ಹೊರಗೆ ಓಡಿಬಂದರು.

ಅಪ್ಪ ಗಾಬರಿಯಾದ. "ಏನಾಯ್ತಮ್ಮಾ? ಕೆಟ್ಟೋಯ್ತಾ?"

"ಇಲ್ಲಪ್ಪಾ, ಬಂತು! ಗೂನು ಬಂತು!"

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಆದರೂ ದೊಡ್ಡಮ್ಮನ ಕಡೆ ತಿರುಗಿ "ಬಂತಂತೆ!" ಎಂದು ಕೂಗಿದ. ಅವಳು ಓಣಿಯ ಬಾಯಲ್ಲಿ ನಿಂತವರಿಗೆಲ್ಲ ದಾಟಿಸಿದಳು. ಎಂಜಿನ್ ಆಫ್ ಮಾಡಿದ್ದ ಆಟೋದವನೂ ಚಪ್ಪಾಳೆ ತಟ್ಟಿದ.

ಮೇಡಂ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗ್ರಾಫನ್ನು ಬಹಳ ಹೊತ್ತು ನೋಡಿದರು. "ಗೂನಿದೆ, ಒಪ್ತೀನಿ. ಆದ್ರೆ ನಿನ್ ಮಾಡೆಲ್ ಹೇಳಿದ್ ಜಾಗದಲ್ಲಿಲ್ಲ. ಹಳಿಗೆ ಹತ್ರ ಬಂದಿದೆ."

ಅದೂ ನಿಜ. ನನ್ನ ಉತ್ಸಾಹಕ್ಕೆ ತಣ್ಣೀರು ಬಿದ್ದಂತಾಯಿತು, ಆದರೆ ಅರೆಗಳಿಗೆ ಮಾತ್ರ. ಮಾಡೆಲ್ಲಿಗೆ ನಾನು ಕೊಟ್ಟಿದ್ದು ಯಾವುದೋ ಕಟ್ಟಡದ ಕೆಳಗಿನ ನೆಲ. ಈಗ ಅಪ್ಪನ ಸುತ್ತಿಗೆ ಈ ಓಣಿಯ ನೆಲವನ್ನೇ ತೋರಿಸಿತ್ತು. ಕಾಲೇಜಿಗೆ ಹೋಗಿ ಆ ಏಟುಗಳನ್ನೆಲ್ಲ ಲೆಕ್ಕ ಹಾಕಿದರೆ, ಇಲ್ಲಿ ಬಂಡೆ ನಾನು ಅಂದುಕೊಂಡಷ್ಟು ಆಳದಲ್ಲಿಲ್ಲ, ಮೇಲೆಯೇ ಇದೆ ಎಂದು ಗೊತ್ತಾಯಿತು. ಬಂಡೆಯನ್ನು ಅಷ್ಟು ಮೇಲಕ್ಕೆ ತಂದು ಮಾಡೆಲ್ ಓಡಿಸಿದೆ. ಗೂನು ಬಂದು ಅಳತೆಯ ಗೂನಿನ ಮೇಲೆ ಕೂತಿತು. ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಎದ್ದು ಎರಡು ಸುತ್ತು ತಿರುಗಿ ಕುಣಿದೆ.

ಮಾರನೆಯ ದಿನ ಮೇಡಂ ಎರಡೂ ಗೆರೆಗಳನ್ನು ನೋಡಿ ಹೇಳಿದ ಮಾತಿಗೆ ನನ್ನ ಕುಣಿತ ನಿಂತಿತು. "ಉತ್ತರ ಗೊತ್ತಿದ್ದಾಗ ಲೆಕ್ಕ ಸರಿ ಮಾಡೋದು ದೊಡ್ಡ ವಿಷಯ ಅಲ್ಲ. ಅಳೆಯೋಕ್ಕೆ ಮೊದ್ಲು ಹೇಳ್ತೀಯಾ? ಪಕ್ಕದ ಓಣೀಲಿ?"

ಆ ಕ್ಷಣ ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ ಪುಳಕವೂ ಬಂತು. ಮುಂದಿನ ಭಾನುವಾರ ಪಕ್ಕದ ಓಣಿಯಲ್ಲಿ ಸುತ್ತಿಗೆಯ ಪರೀಕ್ಷೆ ಮಾತ್ರ ಮಾಡಿದೆವು, ರೈಲನ್ನು ಅಳೆಯಲಿಲ್ಲ. ಅಪ್ಪನೇ ಬಡಿದ. ಆ ನೆಲವನ್ನು ಮಾಡೆಲ್ಲಿಗೆ ಕೊಟ್ಟು ಓಡಿಸಿದೆ. ಇಲ್ಲಿ ಹೂಳು ಹೆಚ್ಚು ದಪ್ಪವಿದ್ದುದರಿಂದ ಗೂನು ದೊಡ್ಡಮ್ಮನ ಓಣಿಗಿಂತ ಹಳಿಯಿಂದ ಇನ್ನಷ್ಟು ದೂರದಲ್ಲಿ ಬರಬೇಕು ಎಂದಿತು ಕಂಪ್ಯೂಟರ್.

ಅದರ ಮುಂದಿನ ಭಾನುವಾರ ಟೇಪು ಹಿಡಿದು ಆ ಜಾಗವನ್ನು ಅಳೆದೆ. ಗುರುತು ಮಾಡಲು ಸೀಮೆಸುಣ್ಣ ಹುಡುಕುತ್ತಿದ್ದಾಗ ದೊಡ್ಡಮ್ಮ ಮನೆಯಿಂದ ರಂಗೋಲಿ ಪುಡಿಯ ಡಬ್ಬಿ ತಂದಳು. "ಬರೀ ಗೆರೆ ಯಾಕೆ?" ಎಂದು ನಡುರಸ್ತೆಯಲ್ಲಿ ಕೂತು ಒಂದು ಪುಟ್ಟ ಪದ್ಮ ಬಿಡಿಸಿದಳು. ನಮ್ಮ ಇಡೀ ಸಿದ್ಧಾಂತ ಆ ಪದ್ಮದ ಮೇಲೆ ನಿಂತಿತ್ತು. ಸೆನ್ಸರುಗಳನ್ನು ಅದರ ಹಿಂದೆ ಮುಂದೆ ಸಾಲಾಗಿ ಇಟ್ಟೆವು.

ಸುದ್ದಿ ಅಷ್ಟು ಹೊತ್ತಿಗೆ ಎರಡೂ ಓಣಿಗೆ ಹಬ್ಬಿತ್ತು. ರೈಲು ಬಂದರೆ ರಂಗೋಲಿ ಇರುವ ಜಾಗ ಜಾಸ್ತಿ ನಡುಗುತ್ತದಂತೆ ಎಂದು ಜನ ಸೇರಿದರು. ರಂಗೋಲಿಯ ಪಕ್ಕದ ಮನೆಯ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದು ನಿಂತರು.

"ಅಜ್ಜೀ, ಸ್ವಲ್ಪ ಆ ಕಡೆ ನಿಲ್ತೀರಾ? ಸೆನ್ಸರ್ ಹತ್ರ ಅಲ್ಲಾಡ್ಬೇಡಿ."

"ಅಲ್ಲಾಡಲ್ಲ ಬಿಡಮ್ಮಾ. ಕಾಲಿಗೆ ಗೊತ್ತಾಗತ್ತಾ ಅಂತ ನೋಡ್ತೀನಿ."

ದೊಡ್ಡಮ್ಮ ಗೇಟು ಹಾಕಿದಳು. ಶಿಳ್ಳೆ ಕೇಳಿಸಿತು. ಗೂಡ್ಸ್ ರೈಲು. ವ್ಯಾಗನ್ನಿನ ಹಿಂದೆ ವ್ಯಾಗನ್ನು. ಅದು ಇನ್ನೂ ಪೂರ್ತಿ ದಾಟಿರಲಿಲ್ಲ, ಅಜ್ಜಿ ಕೂಗಿಕೊಂಡರು. "ಹೂಂ ಕಣ್ರೀ! ಜುಮ್ ಅಂತಿದೆ! ಬನ್ನಿ ಇಲ್ಲಿ!"

ಜನ ನುಗ್ಗಲು ಹೊರಟರು. ದೊಡ್ಡಮ್ಮನ ಎದುರುಮನೆಯ ಆ ಯಜಮಾನರೇ, ಇವತ್ತು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದವರು, ಎರಡೂ ಕೈ ಚಾಚಿ ತಡೆದರು. "ಯಾರೂ ಹೆಜ್ಜೆ ಇಡ್ಬೇಡ್ರಪ್ಪಾ! ಗೆರೆ ಕೆಟ್ಟೋಗತ್ತೆ!"

ಅಜ್ಜಿಯ ಕಾಲು ಹೇಳಿದ್ದು ಒಬ್ಬರ ಅನಿಸಿಕೆ, ಅಷ್ಟೇ. ನಾನು ಸೆನ್ಸರುಗಳ ಲೆಕ್ಕಕ್ಕೆ ಕಾದೆ. ಒಂದೊಂದೇ ಚುಕ್ಕೆ ಗ್ರಾಫಿನ ಮೇಲೆ ಬಂತು. ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ಏರಿತು. ಏರಿದ ಚುಕ್ಕೆಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ರಂಗೋಲಿಗೆ ಅಂಟಿಕೊಂಡಂತೆ ಇಟ್ಟಿದ್ದ ಸೆನ್ಸರಿನದು.

ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಎರಡೂ ಆಯಿತು. ಮೇಡಂ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ಪರೀಕ್ಷಿಸಿದರು. ಕನ್ನಡಕ ಕೆಳಗೆ ಬಿಟ್ಟು ನನ್ನ ಭುಜದ ಮೇಲೆ ಕೈಯಿಟ್ಟರು. "ಸರಿಯಾಗಿದೆ" ಎಂದರು. ಅವರ ಬಾಯಿಂದ ಆ ಒಂದು ಪದ ಬಂದರೆ ಉಳಿದವರು ಹಾರ ಹಾಕಿದ ಹಾಗೆ.

ಆ ದಿನ ಓಣಿಯವರು ನಮ್ಮನ್ನು ಸುಲಭಕ್ಕೆ ಬಿಡಲಿಲ್ಲ. ಪ್ರತಿ ರೈಲಿಗೂ ಸರದಿ ಪ್ರಕಾರ ಒಬ್ಬೊಬ್ಬರು ಬರಿಗಾಲಲ್ಲಿ ಪದ್ಮದ ಪಕ್ಕ ನಿಂತರು. ಕೆಲವರಿಗೆ ಗೊತ್ತಾಯಿತು, ಕೆಲವರಿಗೆ ಆಗಲಿಲ್ಲ, ಗೊತ್ತಾಗದವರು ಇನ್ನೊಂದು ರೈಲಿಗೆ ಕಾದರು. "ಇದ್ರಿಂದ ನಮ್ ಮನೆಗೇನಾದ್ರೂ ಆಗತ್ತಾ?" ಎಂದು ಅಜ್ಜಿ ಕೇಳಿದರು. ಕಟ್ಟಡಕ್ಕೆ ಅಪಾಯವಾಗುವ ಮಟ್ಟಕ್ಕಿಂತ ಇದು ಎಷ್ಟೋ ಕೆಳಗಿದೆ ಎಂದು ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಕಾಲಿಗೆ ತಿಳಿಯುವುದು ಬೇರೆ, ಗೋಡೆಗೆ ತಟ್ಟುವುದು ಬೇರೆ. ಅಜ್ಜಿ ನಿರಾಳರಾಗಿ ನಮಗೆಲ್ಲ ಮಜ್ಜಿಗೆ ತಂದುಕೊಟ್ಟರು.

ಇದಾದ ಮೇಲೆ ಕೆಲಸ ಬೇರೆಯದೇ ವೇಗ ಪಡೆಯಿತು. ಮಾಡೆಲ್ಲನ್ನು ನಂಬಬಹುದು ಎಂದಾದ ಮೇಲೆ ಅದನ್ನು ಬೇಕಾದ್ದು ಕೇಳಬಹುದಲ್ಲ. ಜಲ್ಲಿಯ ಕೆಳಗೆ ರಬ್ಬರಿನ ಹಾಸು ಹಾಕಿದರೆ? ಏರಿಯ ಬುಡದ ಮಣ್ಣನ್ನು ಗಟ್ಟಿ ಮಾಡಿದರೆ? ರೈಲಿನ ವೇಗ ಹೆಚ್ಚಿದರೆ? ಒಂದೊಂದು ಪ್ರಶ್ನೆಗೂ ಗೂನು ಒಂದೊಂದು ಆಕಾರ ತಾಳುತ್ತಿತ್ತು. ಹಾಸು ಹಾಕಿದಾಗ ಅದು ಚಪ್ಪಟೆಯಾಗಿ ಕೂತದ್ದನ್ನು ನೋಡಿದ ದಿನ, ಹಳಿಯ ಒಂದು ಕಲ್ಲನ್ನೂ ಮುಟ್ಟದೆ ಒಂದು ಓಣಿಯ ನಡುಕವನ್ನು ತಗ್ಗಿಸಿದ್ದೇನೆ ಎನಿಸಿ ರೋಮಾಂಚನವಾಯಿತು. ಪಿಎಚ್‌ಡಿ ಮುಗಿಯಿತು. ಕೊನೆಯ ಮೌಖಿಕ ಪರೀಕ್ಷೆಗೆ ದೊಡ್ಡಮ್ಮ, ಅಪ್ಪ, ಅಮ್ಮ ಮೂವರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪರೀಕ್ಷಕರು ಪ್ರಶ್ನೆ ಕೇಳಿದಾಗಲೆಲ್ಲ ಅಮ್ಮ ಅವರನ್ನು ಗುರಾಯಿಸುತ್ತಿದ್ದಳು.

ಅನುಮತಿ ಕೊಡಿಸಿದ್ದ ರೈಲ್ವೆ ಎಂಜಿನಿಯರ್ ನಮ್ಮ ಫಲಿತಾಂಶ ನೋಡಿ, ಹಳಿಯ ತಪಾಸಣೆಗೆ ಹೋಗುವಾಗ ಮೇಡಂ ಅವರನ್ನೂ ನನ್ನನ್ನೂ ಕರೆದರು. ತಪಾಸಣೆಗೆ ಬಳಸುವುದು ತಳ್ಳುವ ಟ್ರಾಲಿ. ಚಕ್ರದ ಮೇಲೆ ಒಂದು ಬೆಂಚು, ಹಿಂದೆ ಹಳಿಯ ಮೇಲೆ ಓಡುತ್ತಾ ತಳ್ಳುವ ಟ್ರಾಲಿಯವರು. ಅಷ್ಟು ಹೊತ್ತು ಆ ಹಳಿಯಲ್ಲಿ ರೈಲು ಬರದ ಹಾಗೆ ಏರ್ಪಾಡು ಮಾಡಿದ್ದರು. ಮೇಡಂ ಹಳದಿ ಹೆಲ್ಮೆಟ್ ಹಾಕಿಕೊಂಡು, ಸೀರೆಯ ನೆರಿಗೆ ಒತ್ತಿ ಹಿಡಿದು, ಬೆಂಚಿನ ತುದಿಯಲ್ಲಿ ಗಂಭೀರವಾಗಿ ಕೂತರು. ನಾನು ಅವರ ಪಕ್ಕದಲ್ಲಿ, ನನ್ನ ಪಕ್ಕ ಎಂಜಿನಿಯರ್.

ಟ್ರಾಲಿ ಹೊರಟಿತು. ಅದೇ ಏರಿ, ಅದೇ ಜಲ್ಲಿ. ವರ್ಷಗಟ್ಟಲೆ ಚೌಕಗಳಲ್ಲಿ ನೋಡಿದ ದಾರಿ ಈಗ ಕಾಲ ಕೆಳಗೆ ಗಡಗಡ ಓಡುತ್ತಿತ್ತು. ಒಂದು ಕಡೆ ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ, ತುಳಸಿಕಟ್ಟೆ. ಇನ್ನೊಂದು ಕಡೆ ಬಿನ್ನಿಪೇಟೆಯ ಹೊಸ ಎತ್ತರದ ಕಟ್ಟಡಗಳು. ಮುಖಕ್ಕೆ ಗಾಳಿ ಬಡಿಯಿತು. ಪ್ರತಿ ಸ್ಲೀಪರನ್ನೂ ದಾಟುವಾಗ ಚಕ್ರದ ಸದ್ದು ಬೆಂಚಿನ ಮೂಲಕ ಬೆನ್ನಿಗೇರುತ್ತಿತ್ತು. ಸ್ವಲ್ಪ ಇಳಿಜಾರು ಬಂದಾಗ ತಳ್ಳುವವರು ಕೈಬಿಟ್ಟು ಹಿಂದೆ ಹತ್ತಿ ಕೂತರು. ಟ್ರಾಲಿ ತಾನಾಗಿಯೇ ಓಡಿ, ಆಮೇಲೆ ನಿಧಾನವಾಯಿತು.

ಪಕ್ಕದಲ್ಲಿ ಏನೋ ಸದ್ದಾಯಿತು. ತಿರುಗಿ ನೋಡಿದರೆ ಮೇಡಂ ನಗುತ್ತಿದ್ದರು. ಸಣ್ಣ ನಗುವಲ್ಲ, ಹೆಲ್ಮೆಟ್ ಕಣ್ಣಿನ ಮೇಲೆ ಜಾರುವಷ್ಟು ದೊಡ್ಡ ನಗು. ಒಂದು ಕೈಯಲ್ಲಿ ಅದನ್ನು ಹಿಂದಕ್ಕೆ ತಳ್ಳಿಕೊಂಡು, ಇನ್ನೊಂದರಲ್ಲಿ ನನ್ನ ತೋಳು ಹಿಡಿದುಕೊಂಡು, ಹಿಂದಕ್ಕೆ ತಿರುಗಿ ಕೂಗಿದರು:

"ಯಾಕ್ರೀ ಕೂತ್ರಿ? ಜೋರಾಗಿ ತಳ್ಳಿ!"